ಅಪ್ಪ ಆರಿಸಿದ ಗೇರ್ ಸೈಕಲ್ಲು

ಅದು 2006ನೇ ಇಸವಿ. ಯುಗಾದಿ ಮುಗಿದು ಮಲ್ಲಿಗೆ ಸುಗ್ಗಿ ಜೋರಾಗಿದ್ದ ಹೊತ್ತಿಗೇ ನಮ್ಮ ಮನೆಯವರ ಹಳೆಯ ಕರಿ ಸೈಕಲ್ಲು ಕೈಕೊಟ್ಟಿತು. ಅದು ನಮ್ಮ ಮಾವನವರ ಕಾಲದ್ದು. ಬೆಸುಗೆ ಹಾಕಿಸಿದ ಜಾಗಕ್ಕೇ ಮತ್ತೆ ಮತ್ತೆ ಬೆಸುಗೆ ಹಾಕಿಸಿ, ಕೊನೆಗೆ ಬೆಸುಗೆ ಹಿಡಿಯಲು ಅದರಲ್ಲಿ ಕಬ್ಬಿಣವೇ ಉಳಿದಿರಲಿಲ್ಲ. ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಗುವೂ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ಬರುವುದು ಸಿಟ್ಟೇ.

ನಮ್ಮೂರು ಹಡಗಲಿ ತಾಲ್ಲೂಕಿನಲ್ಲಿ, ಮಾಗಳದ ಹತ್ತಿರದ ಹೊಳೆದಂಡೆಯ ಹಳ್ಳಿ. ಓಣಿಯ ಒಂದೊಂದು ಮನೆಗೂ ಒಂದಿಷ್ಟು ಮಲ್ಲಿಗೆ ತೋಟವಿದೆ. ಹೆಂಗಸರು ನಸುಕಿನಲ್ಲೇ ಮೊಗ್ಗು ಬಿಡಿಸಿ ನಮ್ಮ ಪಡಸಾಲೆಗೆ ತಂದು ಸುರಿಯುತ್ತಿದ್ದರು. ನಾನು ಒದ್ದೆ ಬಟ್ಟೆ ಹಾಸಿ ಬುಟ್ಟಿ ಕಟ್ಟುತ್ತಿದ್ದೆ. ನಮ್ಮ ಮನೆಯವರು ಆ ಬುಟ್ಟಿಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಹಡಗಲಿ ಬಸ್ ಸ್ಟ್ಯಾಂಡಿಗೆ ಒಯ್ದು, ಹೊಸಪೇಟೆಗೆ ಹೋಗುವ ಬೆಳಗಿನ ಬಸ್ಸಿಗೆ ಹಾಕಬೇಕು. ಆ ಬಸ್ಸು ತಪ್ಪಿದರೆ ಮುಗಿಯಿತು. ಬಿಸಿಲೇರುತ್ತಿದ್ದಂತೆ ಮೊಗ್ಗು ಅರಳುತ್ತದೆ, ಅರಳಿದ ಮಲ್ಲಿಗೆಯನ್ನು ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಓಣಿಯವರ ಹೂ ಸಾಗಿಸುವ ಈ ಕೆಲಸದಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಪಕ್ಕದೂರಿನ ಮೂರು ಗಾಲಿಯ ಟಂಟಂ ಗಾಡಿಯವನೊಬ್ಬ ಅದರ ಮೇಲೆ ಕಣ್ಣಿಟ್ಟು, ದಿನಾ ಬೆಳಿಗ್ಗೆ ನಮ್ಮ ಓಣಿಯ ಬಾಯಲ್ಲಿ ಬೇಕಂತಲೇ ಹಾರ್ನ್ ಬಾರಿಸಿ ಹೋಗುತ್ತಿದ್ದ.

ನನ್ನ ತವರು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಪಕ್ಕ. ನಮ್ಮಪ್ಪನಿಗೆ ಆ ಸೀಮೆಯಲ್ಲೆಲ್ಲ ‘ಎತ್ತಿನ ನಾಗಪ್ಪ’ ಅಂತಲೇ ಹೆಸರು. ಯಾರು ಎತ್ತು ಕೊಳ್ಳಬೇಕಾದರೂ ಸಂತೆಗೆ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಅಪ್ಪ ಬಾಯಿ ಬಿಡಿಸಿ ಹಲ್ಲು ನೋಡಿ, ಸುಳಿ ನೋಡಿ, ಹಿಂದೆ ನಿಂತು ಒಂದಿಷ್ಟು ನಡೆಸಿ ನೋಡುತ್ತಿದ್ದ. ಮನಸ್ಸಿಗೆ ಬಂದರೆ, ಬೆಲೆ ಬೇರೆಯವರಿಗೆ ಕಾಣದಂತೆ ಟವೆಲಿನೊಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಇಳಿಯುತ್ತಿದ್ದ. ಬರದಿದ್ದರೆ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಬಿಟ್ಟು, ಒಂದು ಮಾತೂ ಆಡದೆ ನಡೆದುಬಿಡುತ್ತಿದ್ದ. ‘ನಾಗಪ್ಪ ಹಗ್ಗ ಬಿಟ್ಟ’ ಅಂದರೆ ಆ ಎತ್ತನ್ನು ಅವತ್ತು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಇಂಥ ಅಪ್ಪನಿಗೆ ನಮ್ಮ ಸೈಕಲ್ಲು ಮುರಿದ ಸುದ್ದಿ ಮುಟ್ಟಿತು.

‘ಅಳಿಯಂದ್ರಿಗೆ ಸೈಕಲ್ಲು ನಾ ಕೊಡಸ್ತೀನಿ. ಆರಸೋದೂ ನಾನೇ,’ ಅಂದ. ಅಷ್ಟೇ ಆಗಿದ್ದರೆ ಹರಪನಹಳ್ಳಿಯಲ್ಲೇ ಒಂದು ಕರಿ ಸೈಕಲ್ಲು ಸಿಗುತ್ತಿತ್ತು. ಆದರೆ ಅಪ್ಪನಿಗೆ ಯಾರೋ ದಾವಣಗೆರೆಯ ದೊಡ್ಡ ಅಂಗಡಿಯ ವಿಷಯ ಹೇಳಿದ್ದರು. ಅಕ್ಕಿಯಿಂದ ಹಿಡಿದು ಅಂಗಿಯವರೆಗೆ ಎಲ್ಲ ಒಂದೇ ಸೂರಿನಡಿ ಇದೆಯಂತೆ, ಗುಡ್ಡ ಹತ್ತುವ ಗೇರ್ ಸೈಕಲ್ಲು ಅಗ್ಗಕ್ಕೆ ಸಿಗುತ್ತದಂತೆ.

‘ಅಪ್ಪಾ, ಹೊಳೀ ದಂಡ್ಯಾಗ ಗುಡ್ಡ ಎಲ್ಲೈತಿ? ಕರಿ ಸೈಕಲ್ಲ ಸಾಕು,’ ಅಂದೆ.

‘ಲೇ, ಒಂದೇ ಕಡಿ ಸಾಲಾಗಿ ಕಟ್ಟಿದ್ರ ಆರಸಾಕ ಚಲೋ. ನೀ ಸುಮ್ನಿರು. ನನ್ನ ಕಣ್ಣು ಇವತ್ತಿನ ತನಕ ತಪ್ಪಿಲ್ಲ.’

ನಮ್ಮ ಮನೆಯವರ ಮುಖ ನೋಡಿದೆ. ಅವರೋ, ಮಾವನ ಎದುರಿಗೆ ಕುಡಿಯಲು ನೀರು ಕೇಳಲೂ ಸಂಕೋಚಪಡುವ ಮನುಷ್ಯ. ‘ಮಾವಾರು ಹೇಳಿದಂಗ ಆಗ್ಲಿ’ ಅಂದುಬಿಟ್ಟರು. ನನ್ನ ಮಾತು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ದಾವಣಗೆರೆಯ ಆ ಅಂಗಡಿಗೆ ಸುತ್ತಲೂ ಗಾಜು. ಒಳಗೆ ಕಾಲಿಟ್ಟರೆ ತಂಪು. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ‘ಅಪ್ಪಾ, ಇದೇನು ಗುಡಿ ಅಲ್ಲ, ಹಾಕ್ಕ’ ಅಂದೆ. ‘ನೆಲ ನೋಡು ಹೆಂಗೈತಿ, ಕನ್ನಡಿ ಇದ್ದಂಗೈತಿ. ಹೊಲಸಾದೀತು’ ಅಂದವನೇ ಬರಿಗಾಲಲ್ಲಿ ಒಳಗೆ ನಡೆದ. ಸೋಪಿನ ಸಾಲು, ಬಿಸ್ಕತ್ತಿನ ಸಾಲು ದಾಟಿ ಮೂಲೆಗೆ ಹೋದರೆ ಅಲ್ಲಿ ಸೈಕಲ್ಲುಗಳು ನಿಂತಿದ್ದವು. ದಪ್ಪ ಟೈರು, ನಡುವೆ ಸ್ಪ್ರಿಂಗು, ಥಳಥಳ ಬಣ್ಣ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕೊನೆಗೆ ಒಂದು ಗಂಟೆಯೂ ಇಲ್ಲ.

ಅಪ್ಪ ಶುರು ಮಾಡಿದ. ಸಾಲಿನ ಮುಂದೆ ಹೋಗಿ ನಿಂತ, ಹಿಂದೆ ಹೋಗಿ ನಿಂತ. ಕೆಂಪು ಬಣ್ಣದ್ದೊಂದನ್ನು ಎಳೆಸಿ, ಸೀಟಿನ ಮೇಲೆ ಎತ್ತಿನ ತೊಡೆ ತಟ್ಟುವಂತೆ ಪಟಪಟ ತಟ್ಟಿದ. ಟೈರು ಅಮುಕಿದ. ಎತ್ತಿ ನೋಡಿ ‘ಭಾರ ಐತಿ, ಎಲುಬು ಗಟ್ಟಿ’ ಅಂದ. ಟೈ ಕಟ್ಟಿದ್ದ ಅಂಗಡಿಯವನಿಗೆ ‘ಎಲ್ಲಿ, ಒಂಚೂರು ನಡಸ್ರಿ ನೋಡಾಣ’ ಅಂದ. ಅವನು ಪಾಪ, ಬಿಸ್ಕತ್ತಿನ ಸಾಲಿನ ತನಕ ಸೈಕಲ್ಲು ನೂಕಿಕೊಂಡು ಹೋಗಿ ವಾಪಸ್ ಬಂದ. ಅಪ್ಪ ಬಗ್ಗಿ ಮುಂದಿನ ಗಾಲಿಯ ಕಡೆ ಬೆರಳು ಮಾಡಿ ಅವನಿಗೆ ಮೆಲ್ಲಗೆ ಏನೋ ಕೇಳಿದ. ಅವನು ನಕ್ಕು, ಸುತ್ತಲಿನವರಿಗೆಲ್ಲ ಕೇಳುವಂತೆ ‘ಅದು ಮಾಡೆಲ್ಲೇ ಹಾಗೆ ಯಜಮಾನ್ರೆ’ ಅಂದ. ಅಪ್ಪ ‘ಹ್ಞೂ’ ಅಂದು ಸುಮ್ಮನಾದ.

ಆಮೇಲೆ ಅಪ್ಪ ಹೆಗಲ ಟವೆಲು ತೆಗೆದು ಕೈಮೇಲೆ ಹಾಕಿಕೊಂಡು ಅವನ ಮುಂದೆ ಚಾಚಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟೈ ಕಟ್ಟಿದವನು ಗಲಿಬಿಲಿಯಾಗಿ ಟವೆಲಿನೊಳಗೆ ಕೈ ಹಾಕಿ ಅಪ್ಪನ ಕೈ ಕುಲುಕಿ ‘ಥ್ಯಾಂಕ್ಯೂ’ ಅಂದ. ಅಲ್ಲಿಗೆ ವ್ಯಾಪಾರ ಮುಗಿಯಿತು. ಚೀಟಿಯಲ್ಲಿ ಏನಿತ್ತೋ ಅದೇ ಬೆಲೆ. ಮೇಲೆ ಒಂದು ಟೋಪಿ ಉಚಿತ.

‘ಅಪ್ಪಾ, ಕ್ಯಾರಿಯರ್ ಇಲ್ಲ. ಬುಟ್ಟಿ ಎಲ್ಲಿ ಇಡಾಣ?’ ಅಂತ ಕೊನೆಯ ಸಲ ಕೇಳಿದೆ.

‘ಎತ್ತು ಹುಟ್ಟುವಾಗ ನೊಗ ಹೊತ್ತಕೊಂಡ ಹುಟ್ಟತೈತೇನ? ಮೊದ್ಲು ಮನಿಗೆ ಹೊಡ್ಕೊಂಡ ಹೋಗ್ರಿ, ಆಮ್ಯಾಲ ಹೂಡೀರಂತೆ.’

ಈ ಮಾತಿಗೆ ಏನು ಹೇಳುತ್ತೀರಿ?

ಊರಿಗೆ ತಂದೆವು. ಅರಿಶಿಣ ಕುಂಕುಮ ಹಚ್ಚಿ, ಉಚ್ಚಂಗೆಮ್ಮನ ಭಂಡಾರ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಓಣಿಯೆಲ್ಲ ನೆರೆದಿತ್ತು. ನಮ್ಮ ಮನೆಯವರು ನೂಕಿದರೆ ಬ್ರೇಕು ಕಚ್ಚಿ ಗಾಲಿ ತಿರುಗಲೇ ಇಲ್ಲ. ನಿಂಬೆಹಣ್ಣು ಒಡೆಯದೆ, ಜಾರಿಕೊಂಡು ಹೋಗಿ ಚರಂಡಿಗೆ ಬಿತ್ತು.

ಎದುರು ಮನೆಯ ಗಂಗಮ್ಮನ ನಾಲಿಗೆಗೆ ಇಷ್ಟು ಸಾಕಾಯಿತು. ‘ನಿಂಬಿಹಣ್ಣು ಒಡಿಯಾಕ ಆಗದ್ದು ಹೂವಿನ ಬುಟ್ಟಿ ಹೊರ್ತೈತೇನವಾ?’ ಅಂದಳು.

ಹೊರಲಿಲ್ಲ. ಹಡಗಲಿಯಲ್ಲಿ ವೆಲ್ಡಿಂಗಿನವನಿಂದ ಕ್ಯಾರಿಯರ್ ಮಾಡಿಸಿದರೆ, ಬುಟ್ಟಿ ಇಟ್ಟೊಡನೆ ಆ ಸ್ಪ್ರಿಂಗು ಕುಸಿದು ಬುಟ್ಟಿ ಟೈರಿಗೆ ಉಜ್ಜತೊಡಗಿತು. ಕೊನೆಗೆ ನಮ್ಮ ಮನೆಯವರು ಬುಟ್ಟಿಯನ್ನು ಬೆನ್ನಿಗೇ ಕಟ್ಟಿಕೊಂಡು ಹೊರಟರು. ಸೀಟು ತಾನಾಗಿ ಕೆಳಕ್ಕಿಳಿಯುತ್ತಿತ್ತು. ಊರು ಬಿಡುವಾಗ ನೆಟ್ಟಗೆ ಕೂತವರು ಹಡಗಲಿ ಮುಟ್ಟುವಷ್ಟರಲ್ಲಿ ಮೊಣಕಾಲು ಎದೆಗೆ ಹತ್ತಿಸಿಕೊಂಡಿರುತ್ತಿದ್ದರು. ಗೇರು ಬದಲಿಸಿದರೆ ಚೈನು ಕಳಚುತ್ತಿತ್ತು. ತಿರುವಿನಲ್ಲೆಲ್ಲ ಕಾಲ್ಬೆರಳು ಮುಂದಿನ ಗಾಲಿಗೆ ತಗಲಿ, ಹೆಬ್ಬೆರಳಿನ ಉಗುರೇ ಕಿತ್ತುಹೋಯಿತು. ‘ನಿನ್ನ ಗಂಡನ ಕಾಲು ಉದ್ದ ಆಗ್ಯಾವ’ ಅಂದಳು ಗಂಗಮ್ಮ. ನಾವೂ ಹಾಗೇ ಅಂದುಕೊಂಡೆವು. ಎಂಥ ದಡ್ಡರು ನಾವು!

ಒಂದು ದಿನ ಪೆಡಲು ಕಳಚಿ ಕೈಗೆ ಬಂತು. ಇಡೀ ಸೈಕಲ್ಲು ಒಯ್ದರೆ ಜನ ನಗುತ್ತಾರೆಂದು ಇವರು ಪೆಡಲನ್ನಷ್ಟೇ ಕೈಚೀಲದಲ್ಲಿ ಹಾಕಿಕೊಂಡು ಹಡಗಲಿಯ ಸೈಕಲ್ ರಿಪೇರಿಯ ಖಾದರ್‌ಸಾಬರ ಹತ್ತಿರ ಹೋದರು. ‘ಉಳಿದ ಸೈಕಲ್ಲು ಎಲ್ಲೈತ್ರಿ?’ ಅಂತ ಅವರು ಕೇಳಿದರಂತೆ. ‘ಮನ್ಯಾಗೈತಿ’ ಅಂದರಂತೆ ಇವರು. ಇದನ್ನು ಮನೆಗೆ ಬಂದು ನನಗೇ ಹೇಳುತ್ತಾರೆ! ನಾನು ಹಣೆ ಚಚ್ಚಿಕೊಂಡೆ.

ಅಷ್ಟರಲ್ಲಿ ಒಂದು ಅಡ್ಡಮಳೆ ಬಂತು. ಎರೆಮಣ್ಣಿನ ದಾರಿ, ಮಡ್‌ಗಾರ್ಡ್ ಇಲ್ಲದ ಗಾಲಿ. ಹಿಂದಿನ ಗಾಲಿ ಎರಚಿದ ಕೆಸರೆಲ್ಲ ನೆಟ್ಟಗೆ ಬೆನ್ನಿನ ಬುಟ್ಟಿಗೆ ಬಡಿದು ಮಲ್ಲಿಗೆ ಮೊಗ್ಗೆಲ್ಲ ಕಪ್ಪಾಯಿತು. ಹೊಸಪೇಟೆಯ ಹೂವಿನವರು ಬುಟ್ಟಿ ಇದ್ದ ಹಾಗೇ ವಾಪಸ್ ಕಳಿಸಿದರು. ಅವತ್ತು ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದರು.

‘ನೋಡವಾ, ಬರೋ ವಾರ ಹೊಸಪ್ಯಾಟ್ಯಾಗ ದೊಡ್ಡ ಮದುವಿ ಐತಿ. ನಮ್ಮ ಓಣಿ ಹೂವ ಬೇಕು ಅಂದಾರ,’ ಗಂಗಮ್ಮ ಕಡ್ಡಿ ಮುರಿದಂತೆ ಹೇಳಿದಳು. ‘ಅದೊಂದು ಸಲ ನಿಮಗ ಕೊಡ್ತೀವಿ. ಆ ಹೂವು ಬಸ್ಸಿಗೆ ಮುಟ್ಟಲಿಲ್ಲ ಅಂದ್ರ ಮರುದಿನದಿಂದ ಟಂಟಂಗೆ ಹಾಕ್ತೀವಿ. ಬ್ಯಾಸರ ಮಾಡ್ಕೋಬ್ಯಾಡ.’

ಬೇಸರ ಮಾಡಿಕೊಳ್ಳದೆ ಹಬ್ಬ ಮಾಡಲೇ? ನನ್ನ ಮನೆಯ ಅನ್ನವೇ ಆ ದರಿದ್ರ ಸೈಕಲ್ಲಿನ ಗಾಲಿಗೆ ಸಿಕ್ಕಿಬಿದ್ದಿತ್ತು.

ಮದುವೆಯ ಹೂ ಹೋಗಬೇಕಾದ ದಿನದ ಹಿಂದಿನ ದಿನವೇ ಅಪ್ಪ ಬರಬೇಕೆ! ಉಚ್ಚಂಗೆಮ್ಮನ ಗುಡಿಯ ಪ್ರಸಾದ ಹಿಡಿದುಕೊಂಡು ‘ನನ್ನ ಸೈಕಲ್ಲು ಹೆಂಗೈತಿ ಅಳಿಯಂದ್ರ?’ ಅಂತ ಕೇಳುತ್ತಲೇ ಒಳಗೆ ಬಂದ. ನಮ್ಮ ಮನೆಯವರು ಉಗುರಿಲ್ಲದ ಹೆಬ್ಬೆರಳನ್ನು ಪಂಚೆಯೊಳಗೆ ಎಳೆದುಕೊಂಡು, ‘ಚಲೋ ಐತ್ರಿ ಮಾವಾರ, ಗಾಳಿ ಇದ್ದಂಗ ಹೋಗತೈತಿ’ ಅಂದರು. ನಾನು ಒಳಗೆ ಪಾತ್ರೆಯನ್ನು ಧಡ್ಡನೆ ಕುಕ್ಕಿದೆ. ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಎದ್ದು ಹೋಗಿ ಸೈಕಲ್ಲಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ.

ಮರುದಿನ ಬೆಳಕು ಹರಿಯುವಾಗ ಒಂದು ಬುಟ್ಟಿ ಬೆನ್ನಿಗೆ, ಒಂದು ಹ್ಯಾಂಡಲಿಗೆ ಕಟ್ಟಿಕೊಂಡು ಇವರು ಹೊರಟರು. ಟಂಟಂನವನು ಆಗಲೇ ಹಾರ್ನ್ ಹೊಡೆದು ಹೋಗಿಯಾಗಿತ್ತು. ನಾನು ದೇವರಿಗೆ ಕೈಮುಗಿದು ಬಾಗಿಲಲ್ಲೇ ನಿಂತಿದ್ದೆ. ಊರ ಮುಂದಿನ ಕಾಲುವೆ ಸೇತುವೆಯ ತಿರುವಿನಲ್ಲಿ ಧಡಾರ್ ಅಂತ ಸದ್ದು.

ಓಡಿದೆ. ಅಪ್ಪನೂ ಓಡಿ ಬಂದ. ಇವರ ಕಾಲು ಗಾಲಿಗೆ ಸಿಕ್ಕಿ ಸೈಕಲ್ಲು ಮಗುಚಿತ್ತು. ಮೊಣಕಾಲಿನ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಮುಂದಿನ ಗಾಲಿ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಪುಣ್ಯಕ್ಕೆ ಒದ್ದೆ ಬಟ್ಟೆ ಬಿಗಿದಿದ್ದರಿಂದ ಹೂ ಚೆಲ್ಲಿರಲಿಲ್ಲ. ‘ಹೂವು ನೋಡು, ಹೂವು ನೋಡು’ ಅಂತ ಇವರು ಬಿದ್ದಲ್ಲಿಂದಲೇ ಕೂಗುತ್ತಿದ್ದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಎಲ್ಲರ ಕಣ್ಣೂ ಬುಟ್ಟಿಗಳ ಮೇಲೆ. ಬೈದಿದ್ದರೆ ಚೆನ್ನಾಗಿತ್ತು.

‘ಬಂಡಿ ಹೂಡ್ರಿ,’ ಅಪ್ಪ ಅಂದ.

ಸೇತುವೆ ಪಕ್ಕದ ಹುಣಸೆಮರದಡಿ ಒಂದು ಬಂಡಿ ನಿಂತಿತ್ತು, ಎರಡು ಜೋಡಿ ಎತ್ತು ಕಟ್ಟಿದ್ದವು. ಒಂದು ಗೌಡರ ಜೋಡಿ, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ನೊಣ ಕೂತರೆ ಜಾರುವಂಥ ಹೊಳಪು. ಇನ್ನೊಂದು ಗಂಗಮ್ಮನ ಮನೆಯದು, ಎಲುಬು ಎಣಿಸುವಂತಿತ್ತು. ಗೌಡರ ಮನೆಯವರು ತಾವೇ ‘ಹೂಡಿಕೊಳ್ರಿ ಯಜಮಾನ್ರ’ ಅಂದರು. ಅಪ್ಪ ಒಮ್ಮೆ ನೋಡಿದ. ಗಂಗಮ್ಮನ ಎತ್ತುಗಳ ಹಗ್ಗ ಬಿಚ್ಚಿದ.

‘ಅಯ್ಯ, ನನ್ನ ಎತ್ತಾ? ಅವು ಎದ್ದು ನಿಲ್ಲೋದ ಹೆಚ್ಚು!’ ಅಂದಳು ಗಂಗಮ್ಮ.

‘ಅವು ನೋಡಾಕ ಅದಾವ, ಇವು ಓಡಾಕ ಅದಾವ. ಸರೀರಿ,’ ಅಂದ ಅಪ್ಪ.

ಬುಟ್ಟಿ ಹಾಕಿದೆವು, ಇವರನ್ನು ಹತ್ತಿಸಿದೆವು. ಆ ಶನಿ ಸೈಕಲ್ಲನ್ನೂ ಹಿಂದೆ ಎಸೆದೆವು. ನಾನು ಬುಟ್ಟಿ ತಬ್ಬಿ ಕೂತೆ. ಅಪ್ಪ ಮುಂದೆ ಕೂತು ಬಾಲ ಮುಟ್ಟಿದ್ದೇ ತಡ, ಆ ಬಡಕಲು ಎತ್ತುಗಳು ಕಿವಿ ನೆಟ್ಟಗೆ ಮಾಡಿ ಓಡತೊಡಗಿದವು. ಚಾಟಿಯೇ ಬೇಕಾಗಲಿಲ್ಲ. ಬಂಡಿ ಕುಲುಕಿದಂತೆಲ್ಲ ನನ್ನೊಳಗಿನ ಸಿಟ್ಟೂ ಕುಲುಕಿ ಹೊರಗೆ ಬಂತು.

‘ಮೇಲೆ ಥಳಕು ಒಳಗೆ ಹುಳುಕು ಅಂತ ನೀನ ಹೇಳ್ತಿದ್ದೆಲ್ಲಪ್ಪಾ! ಇಂಥ ಎತ್ತು ಆರಸಾಕ ಬರೋನಿಗೆ ಅಂಥ ಸೈಕಲ್ಲು ಹೆಂಗ ಆರಿಸಿದಿ? ನಿನ್ನ ಕಣ್ಣಿಗೆ ಏನಾಗಿತ್ತು ಅವತ್ತು? ಬ್ಯಾಡ, ಬ್ಯಾಡ ಅಂದೆ. ನನ್ನ ಮಾತು ಯಾರ ಕೇಳ್ತಾರ ಈ ಮನ್ಯಾಗ! ಈಗ ಓಣಿ ಬಾಗಲಾ ಮುಚ್ಚಿತು ನಮಗ.’

ನಮ್ಮ ಮನೆಯವರು ‘ಏ ಸುಮ್ನಿರ’ ಅಂದರು. ‘ನೀವ ಸುಮ್ನಿರ್ರಿ!’ ಅಂದೆ.

ಅಪ್ಪ ಹಿಂದೆ ತಿರುಗಲಿಲ್ಲ. ಎತ್ತುಗಳಿಗೆ ‘ಹೈ, ಹೈ’ ಅನ್ನುತ್ತ ಒಂದಿಷ್ಟು ದೂರ ಹೋದ ಮೇಲೆ, ‘ಕಂಡಿತ್ತವ್ವಾ,’ ಅಂದ.

‘ಏನ ಕಂಡಿತ್ತು?’

‘ಅವತ್ತ ಕಂಡಿತ್ತು. ಸಾಲಿನ್ಯಾಗ ಉಳಿದವು ಮುಂಗಾಲು ಮುಂದಕ್ಕ ಚಾಚಿದ್ವು. ಇದರದು ಒಳಗ ತಿರುಗಿತ್ತು. ಕೇಳಿದ್ನೆಲ್ಲ ಅವನ್ನ. ಮಾಡೆಲ್ಲ ಹಂಗ ಅಂದ, ನಕ್ಕ. ಸುತ್ತ ಎಲ್ಲಾರೂ ತಿರುಗಿ ನೋಡಿದ್ರು.’ ಅಪ್ಪ ಹಗ್ಗ ಜಗ್ಗಿದ. ‘ಸಂತ್ಯಾಗ ಆಗಿದ್ರ ಹಗ್ಗ ಬಿಟ್ಟು ಬರ್ತಿದ್ದೆ. ಅಲ್ಲಿ ಎಲ್ಲಾರೂ ಬೂಟು ಹಾಕ್ಕೊಂಡಿದ್ರು. ನಾ ಬರಿಗಾಲಾಗ ನಿಂತಿದ್ದೆ. ಇನ್ನೊಂದ ಸಲ ಕೇಳಾಕ ನಾಚಿಕಿ ಆತು ನನಗ.’

ನಾನು ಹಿಂದೆ ತಿರುಗಿ ಸೈಕಲ್ಲು ನೋಡಿದೆ. ನಿಜ. ಮುಂದಿನ ಗಾಲಿ ಹಿಡಿಯುವ ಕವಲನ್ನೇ ಹಿಂದುಮುಂದಾಗಿ ಜೋಡಿಸಿದ್ದರು. ಅದಕ್ಕೇ ಗಾಲಿ ಒಳಗೆ ಸರಿದು ದಿನಾ ಇವರ ಕಾಲು ತಿನ್ನುತ್ತಿತ್ತು. ಇಷ್ಟು ದಿನ ಕಣ್ಣೆದುರಿಗೇ ಇತ್ತು. ಕಂಡವನು ಅಪ್ಪ ಒಬ್ಬನೇ, ಅವನು ಬಾಯಿಬಿಟ್ಟಿರಲಿಲ್ಲ.

ಹಡಗಲಿ ಬಸ್ ಸ್ಟ್ಯಾಂಡ್ ಮುಟ್ಟುವಾಗ ಹೊಸಪೇಟೆ ಬಸ್ಸು ಗೇಟಿನಿಂದ ಹೊರಗೆ ಮೂತಿ ಚಾಚಿತ್ತು. ಅಪ್ಪ ಬಂಡಿಯನ್ನು ಸೀದಾ ಒಯ್ದು ಗೇಟಿಗೆ ಅಡ್ಡ ನಿಲ್ಲಿಸಿದ. ಡ್ರೈವರು ‘ಏ ಮುದುಕಾ, ತಲಿ ಕೆಟ್ಟೈತೇನು?’ ಅಂತ ಹಾರ್ನ್ ಮೇಲೆ ಹಾರ್ನ್ ಬಾರಿಸಿದ.

‘ಹೂವು ಹತ್ತಿಸಿಕೊಳ್ರಿ. ಹತ್ತಿಸಿಕೊಂಡ ಮ್ಯಾಲ ಎಷ್ಟಾರ ಬೈರಿ,’ ಅಂದ ಅಪ್ಪ. ಎತ್ತುಗಳು ಜಗ್ಗಲಿಲ್ಲ. ಕಂಡಕ್ಟರು ಇಳಿದು ಬಂದು, ಇವರ ಮೊಣಕಾಲು ನೋಡಿ, ಗೊಣಗುತ್ತಲೇ ಬುಟ್ಟಿಗಳನ್ನು ತಾನೇ ಎತ್ತಿಟ್ಟುಕೊಂಡ. ಬಸ್ಸು ಹೋಯಿತು. ನಾನು ಬಂಡಿಯ ಗಾಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಇವರ ಕಾಲಿಗೆ ಪಟ್ಟಿ ಕಟ್ಟಿಸಿ ಖಾದರ್‌ಸಾಬರ ಅಂಗಡಿಗೆ ಹೋದೆವು. ಅವರು ಇಡೀ ಸೈಕಲ್ಲನ್ನು ಅವತ್ತೇ ಮೊದಲು ನೋಡಿದ್ದು. ‘ಯಾ ಅಲ್ಲಾ! ಫೋರ್ಕು ಉಲ್ಟಾ ಹಾಕ್ಯಾರಲ್ರಿ! ಇದರ ಮ್ಯಾಲ ಇಷ್ಟು ದಿನ ಹೆಂಗ ಕುಂತ್ರಿ?’ ಅಂದರು. ಆಮೇಲೆ ಕನಿಕರದಿಂದ, ‘ತಿರುಗಿಸಿ ಕೊಡ್ತೀನಿ ಬಿಡ್ರಿ. ಗಾಲಿ ಒಂದು ಹೊಸಾದು, ಪೆಡಲು ಹೊಸಾವು, ಸೀಟಿನ ಪೈಪೂ ಬದಲಿಸಿದ್ರ ಇನ್ನೊಂದಿಷ್ಟು ದಿನ ನಡೀತೈತಿ’ ಅಂದರು.

ಅಪ್ಪ ಹ್ಯಾಂಡಲು ಹಿಡಿದು ನಿಂತಿದ್ದ. ‘ಏನಂತೀರಿ ಮಾವಾರ?’ ಅಂತ ನಮ್ಮ ಮನೆಯವರು ಆಗಲೂ ಅಪ್ಪನನ್ನೇ ಕೇಳಿದರು. ಅಪ್ಪ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಏನೂ ಮಾತಾಡದೆ ಹ್ಯಾಂಡಲಿನಿಂದ ಕೈ ತೆಗೆದ. ಅದಕ್ಕೆ ಸ್ಟ್ಯಾಂಡ್ ಎಲ್ಲಿತ್ತು? ಧಡ್ಡನೆ ರಸ್ತೆಗೆ ಬಿತ್ತು. ಅಪ್ಪ ಹಿಂದಿರುಗಿ ನೋಡದೆ ಬಂಡಿಯ ಕಡೆ ನಡೆದ.

ಆ ವಾರವೇ ಹರಪನಹಳ್ಳಿಯಿಂದ ಒಂದು ಕರಿ ಸೈಕಲ್ಲು ಬಂತು. ಅಪ್ಪ ಅದರ ಕ್ಯಾರಿಯರ್ ಮೇಲೆ ಜೋಳದ ಮೂಟೆ ಹೇರಿಸಿ, ಅಂಗಡಿಯವನನ್ನೇ ಹತ್ತಿಸಿ ಬೀದಿಯ ತುಂಬ ಓಡಿಸಿ ನೋಡಿದನಂತೆ. ಓಣಿಯ ಹೂ ನಮ್ಮ ಕೈ ತಪ್ಪಲಿಲ್ಲ. ಗಂಗಮ್ಮನಂತೂ ‘ನನ್ನ ಎತ್ತು ಬಸ್ಸು ನಿಲ್ಲಿಸ್ಯಾವ’ ಅಂತ ಊರೆಲ್ಲ ಹೇಳಿಕೊಂಡು ತಿರುಗಿದಳು, ಟಂಟಂ ಮಾತು ಮತ್ತೆ ಎತ್ತಲಿಲ್ಲ.

ಈಗ ಅಪ್ಪ ಇಲ್ಲ. ಅವನು ಮೋಸಹೋದದ್ದಕ್ಕೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಸಂತೆಯಲ್ಲಿ ಎಂಥ ದಲಾಲಿಗೂ ತಲೆಬಾಗದ ನಮ್ಮಪ್ಪನನ್ನು ಒಂದು ನಗೆಯಿಂದ ಸುಮ್ಮನಾಗಿಸಿದರಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ. ಮೊನ್ನೆ ಮಗಳಿಗೆ ಮಿಕ್ಸಿ ಕೊಡಿಸಲು ಹೊಸಪೇಟೆಯ ಅಂಥದ್ದೇ ಗಾಜಿನ ಅಂಗಡಿಗೆ ಹೋಗಿದ್ದೆ. ಜಾರು ಅಲುಗಾಡುತ್ತಿತ್ತು. ಕೇಳಿದೆ. ಅಂಗಡಿಯವನು ನಕ್ಕು ‘ಅದು ಮಾಡೆಲ್ಲೇ ಹಾಗೆ ಮೇಡಂ’ ಅಂದ. ನಾಲ್ಕು ಜನ ತಿರುಗಿ ನೋಡಿದರು. ನಾನು ಜಾರನ್ನು ಮೇಜಿನ ಮೇಲೆ ಬಿಟ್ಟು ಹೊರಟೆ. ಮಗಳು ಹಿಂದೆಯೇ ಓಡಿ ಬಂದು ‘ಯಾಕಮ್ಮಾ, ಏನಾತು?’ ಅಂದಳು.

‘ಏನಿಲ್ಲ, ನಿಮ್ಮಜ್ಜ ಬಿಡಬೇಕಿದ್ದ ಹಗ್ಗ ಬಿಟ್ಟೆ, ನಡಿ’ ಅಂದೆ.